ಟ್ರಕ್ಕಿಗೆ ಹಿಚ್ (ಟ್ರೇಲರ್ ಸಿಕ್ಕಿಸೋ ಕೊಂಡಿ) ಕೂರಿಸಿದೆ, ಬೋಲ್ಟು ಪದೇ ಪದೇ ಸಡಿಲ ಆಗ್ತಿದೆ. ಯಾಕೆ?

ಓಹಾಯೋ ಹುಡುಗ:
ಹೋದ ತಿಂಗಳು ಹಳೇ ಪಿಕಪ್ ಟ್ರಕ್ ಕೊಂಡೆ. ಹಿಚ್ ತರಿಸಿ ಮನೆ ಮುಂದೆಯೇ ಕೂರಿಸಿದೆ. ಅರ್ಧ ಇಂಚಿನ ಗ್ರೇಡ್ 8 (ಹೆಚ್ಚು ಗಟ್ಟಿ ಉಕ್ಕಿನ) ಬೋಲ್ಟು, ಒಂದೊಂದು ಕಡೆ ಮೂರು. ಜೊತೆಗೆ ಬಂದ ಹಾಳೆಯಲ್ಲಿ ಬಿಗಿ 110 ಪೌಂಡ್-ಅಡಿ ಅಂತಿತ್ತು. ಟಾರ್ಕ್ ರೆಂಚ್ (ಇಟ್ಟಷ್ಟು ಬಿಗಿ ಆದ ಕೂಡಲೇ ಸದ್ದು ಮಾಡೋ ಪಾನಾ) ಕ್ಲಿಕ್ ಅನ್ನೋವರೆಗೂ ಬಿಗಿ ಮಾಡಿದೆ. ಹುಲ್ಲು ಕತ್ತರಿಸೋ ಮೆಷಿನ್ ಹೇರಿದ ಸಣ್ಣ ಟ್ರೇಲರನ್ನ ಎರಡು ಸಲ ಎಳೆದದ್ದಷ್ಟೇ, ಹಿಂದಿನಿಂದ 'ಕಟಕ್' ಸದ್ದು ಶುರು. ಬಗ್ಗಿ ನೋಡಿದರೆ ಎಡಗಡೆಯ ಎರಡು ನಟ್ಟು ಬೆರಳಲ್ಲೇ ತಿರುಗ್ತಿವೆ! ಸ್ಪ್ರಿಂಗ್ ವಾಷರ್ ಹಾಕಿ ಮತ್ತೆ ಬಿಗಿ ಮಾಡಿದೆ. ವಾರಕ್ಕೆ ಮತ್ತೆ ಅದೇ ಕಥೆ. ಇನ್ನೂ ಜಾಸ್ತಿ ಬಿಗಿ ಮಾಡಲಾ?

ಹಳೇ ಗ್ಯಾರೇಜ್:
ಬೇಡ ತಮ್ಮಾ. ಸದ್ಯಕ್ಕೆ ಟ್ರೇಲರ್ ಎಳೆಯೋದೂ ಬೇಡ. ಎರಡು ವಿಷಯ ಹೇಳು. ಬೋಲ್ಟಿನ ಥ್ರೆಡ್ಡಿಗೆ (ಸುರುಳಿ ಗೆರೆಗೆ) ಗ್ರೀಸ್ ಹಚ್ಚಿದ್ಯಾ? ಟ್ರಕ್ಕಿನ ಫ್ರೇಮಿನ ಮೇಲೆ ಕಪ್ಪಗೆ, ರಬ್ಬರಿನ ಥರ ಏನಾದರೂ ಬಳಿದಿದೆಯಾ?

ಓಹಾಯೋ ಹುಡುಗ:
ಎರಡೂ ಹೌದು ಅಣ್ಣ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ. ತುಕ್ಕು ಹಿಡಿಯದಿರಲಿ ಅಂತ ಹಿಂದಿನ ಮಾಲೀಕರು ದಪ್ಪಗೆ ಬಳಿಸಿದ್ದಾರೆ. ಗ್ರೀಸ್ ನಾನೇ ಹಚ್ಚಿದ್ದು.

ಹಳೇ ಗ್ಯಾರೇಜ್:
ಹಾಗಾದರೆ ಸಿಕ್ತು. ಬೋಲ್ಟಿನ ಕೆಲಸ ಎರಡು ಲೋಹವನ್ನ ಒತ್ತಿ ಹಿಡಿಯೋದು. ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತೆ, ಆ ಹಿಗ್ಗೇ ಹಿಡಿತ. ಮಧ್ಯೆ ಮೆತ್ತನೆ ಲೇಪ ಇದ್ದರೆ ಎಳೆತಕ್ಕೆ ಅದು ಹಿಂಡಿಕೊಂಡು ಹೊರಗೆ ಬರುತ್ತೆ, ಹಿಗ್ಗು ಹೋಗುತ್ತೆ. ಆಮೇಲೆ ಹಿಚ್ ಅಡ್ಡಡ್ಡ ಜಾರೋಕೆ ಶುರು. ಆ ಅಲುಗಾಟಕ್ಕೇ ನಟ್ಟು ತಾನಾಗಿ ಬಿಚ್ಚಿಕೊಳ್ಳೋದು. ನಿನ್ನ ಕೈಬಲದ ತಪ್ಪಲ್ಲ.

ಗ್ರೀಸಿನದು ಇನ್ನೊಂದು ತಲೆನೋವು. ರೆಂಚಿಗೆ ಹಾಕಿದ ಬಲದಲ್ಲಿ ಸುಮಾರು 10 ಪಾಲಿನಲ್ಲಿ 9 ಪಾಲು ಉಜ್ಜಾಟಕ್ಕೇ ಹೋಗುತ್ತೆ. 110 ಅನ್ನೋದು ಒಣ ಥ್ರೆಡ್ಡಿನ ಲೆಕ್ಕ. ಗ್ರೀಸ್ ಹಚ್ಚಿ ಅಷ್ಟೇ ಬಿಗಿ ಮಾಡಿದರೆ ಉಜ್ಜಾಟ ಕಮ್ಮಿಯಾಗಿ ಬೋಲ್ಟು ಮಿತಿಮೀರಿ ಎಳೆದಿರುತ್ತೆ. ಅದಕ್ಕೇ ಆರೂ ಬೋಲ್ಟು, ನಟ್ಟು ಹೊಸದು ಹಾಕು. ತಲೆ ಮೇಲೆ ಆರು ಗೆರೆ ಇದ್ದರೆ ಗ್ರೇಡ್ 8, ಮೂರಿದ್ದರೆ ಗ್ರೇಡ್ 5. ಅಂಗಡೀಲಿ ಎಣಿಸಿಕೊಂಡೇ ತಗೋ.

ಮಂಡ್ಯ ಟ್ರ್ಯಾಕ್ಟರ್:
ಕಬ್ಬಿನ ಟ್ರೇಲರಿಗೆ ನಾನು ಡಬಲ್ ನಟ್ಟು ಹಾಕ್ತೀನಿ. ಸುಮ್ನೆ ಇಷ್ಟೆಲ್ಲ ಯಾಕೆ, ಅದೇ ಸಾಕಲ್ವಾ?

ಹಳೇ ಗ್ಯಾರೇಜ್:
ಡಬಲ್ ನಟ್ಟು ತಿರುಗೋದನ್ನ ತಡೆಯುತ್ತೆ ಸ್ವಾಮಿ, ಒಳಗಿನ ಲೇಪ ಹಿಂಡೋದನ್ನ ತಡೆಯಲ್ಲ. ಸ್ಪ್ರಿಂಗ್ ವಾಷರ್ ಅಂತೂ ಇಷ್ಟು ಬಿಗಿಗೆ ಚಪ್ಪಟೆ ಆಗಿ ಸಾಮಾನ್ಯ ವಾಷರೇ ಆಗಿಬಿಡುತ್ತೆ. ಅದನ್ನ ತೆಗೆದುಬಿಡು ತಮ್ಮಾ. ಕಿಟ್ಟಿನಲ್ಲಿ ಬಂದ ಹಲ್ಲಿನ ವಾಷರ್ ಹಾಕು, ಹಲ್ಲು ಹಿಚ್ ಕಡೆಗಿರಲಿ. ಮೊದಲು ಆರನ್ನೂ ಕೈಯಲ್ಲೇ ಕೂರಿಸಿ ಹಿಚ್ ನೇರ ಮಾಡಿಕೋ. ಆಮೇಲೆ ಎಡಕ್ಕೊಂದು ಬಲಕ್ಕೊಂದು, ಮೊದಲ ಸುತ್ತು ಅರ್ಧ ಬಿಗಿ, ಎರಡನೇ ಸುತ್ತು ಪೂರ್ತಿ.

ಓಹಾಯೋ ಹುಡುಗ:
ಶನಿವಾರ ಬಿಚ್ಚಿದೆ ಅಣ್ಣ. ಹಿಚ್ಚಿನ ಬ್ರಾಕೆಟ್ಟಿನ (ಫ್ರೇಮಿಗೆ ಕೂರೋ ಪಟ್ಟಿಯ) ಅಂಚಿಗೆಲ್ಲ ಕಪ್ಪು ಲೇಪ ಬಿಸಿಲಿಗೆ ಕರಗಿದ ಬೆಲ್ಲದ ಥರ ಹೊರಗೆ ಬಂದಿತ್ತು. ಒಂದು ಬೋಲ್ಟಿಗೆ ಹೊಸ ನಟ್ಟು ಹಾಕಿ ನೋಡಿದರೆ ಅರ್ಧಕ್ಕೇ ಹಿಡ್ಕೊಳ್ತು. ಎಳೆದು ಥ್ರೆಡ್ಡೇ ಉದ್ದ ಆಗಿರಬೇಕು. ಹಿಚ್ ಕೂರೋ ಜಾಗವನ್ನಷ್ಟೇ ಕೆರೆದು ಒರೆಸಿ, ಹೊಸ ಬೋಲ್ಟು ಗ್ರೀಸ್ ಹಚ್ಚದೆ ಹಾಕಿದೆ. ನಟ್ಟಿನಿಂದ ಬ್ರಾಕೆಟ್ಟಿಗೆ ಬಿಳಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದಿದ್ದೇನೆ. 60 ಮೈಲಿ ಆದ ಮೇಲೆ ರೆಂಚ್ ಇಟ್ಟು ನೋಡಿದೆ. ಐದು ಅಲ್ಲಾಡಲಿಲ್ಲ, ಒಂದು ಸ್ವಲ್ಪ ತಿರುಗಿ ಕ್ಲಿಕ್ ಅಂತು. ಸದ್ದು ಇಲ್ಲ.

ಹಳೇ ಗ್ಯಾರೇಜ್:
ಆ ಒಂದನ್ನ ಮುಂದಿನ ಸಲ ಎಳೆದ ಮೇಲೆ ಮತ್ತೆ ನೋಡು. ಕೆರೆದ ಜಾಗದ ಸುತ್ತ ಹೊರಗಿನಿಂದ ಪೇಂಟ್ ಹೊಡಿ, ಇಲ್ಲದಿದ್ದರೆ ಉಪ್ಪು ಬಿಡಲ್ಲ. ಹಳೇ ಬೋಲ್ಟುಗಳನ್ನ ಗುಜರಿಗೆ ಹಾಕು. ಡಬ್ಬಿಯಲ್ಲಿಟ್ಟರೆ ಅವಸರದಲ್ಲಿ ಕೈಗೆ ಸಿಗೋದು ಅವೇ.