ಎಂಆರ್‌ಐನಲ್ಲಿ ‘ಮೆದುಳು ಕುಗ್ಗಿದೆ’ ಅಂತ ಬಂದಿದೆ, ತಮ್ಮ ಹುಷಾರಾಗ್ತಾನಾ?

ಪ್ರಶ್ನೆ, ಸೇಡಂ ಕಡೆಯಿಂದ:
ಮೇಡಂ, ನಮಸ್ಕಾರ. ನನ್ನ ತಮ್ಮನಿಗೆ 21 ವರ್ಷ. ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಡಿಗ್ರಿ ಓದುತ್ತಿದ್ದ. ದೀಪಾವಳಿ ಆದ ಮೇಲೆ ಕಾಲೇಜಿಗೆ ಹೋಗೋದು ಬಿಟ್ಟ. ಪಕ್ಕದ ರೂಮಿನವರು ತನ್ನ ಬಗ್ಗೆಯೇ ಮಾತಾಡ್ತಾರೆ, ಮೊಬೈಲ್‌ನೊಳಗಿಂದ ಯಾರೋ ನೋಡ್ತಾರೆ ಅಂತಿದ್ದ. ಯಾರೂ ಇಲ್ಲದಾಗಲೂ ದನಿ ಕೇಳುತ್ತಿತ್ತಂತೆ. ಮೂರು ತಿಂಗಳಾದ ಮೇಲೆ ಮನೋವೈದ್ಯರಿಗೆ ತೋರಿಸಿದೆವು. ಸೈಕೋಸಿಸ್, ಮೊದಲ ಸಲ ಬಂದಿದೆ ಅಂದರು. ಗುಳಿಗಿ ಶುರುವಾಗಿದೆ. ಎಂಆರ್‌ಐ ರಿಪೋರ್ಟ್‌ನಲ್ಲಿ ವೆಂಟ್ರಿಕಲ್ ಸ್ವಲ್ಪ ದೊಡ್ಡದಿದೆ, ಮೆದುಳು ತುಸು ಕುಗ್ಗಿದೆ ಅಂತ ಬರೆದಿದ್ದಾರೆ. ನಮ್ಮ ಕಾಕಾ ಅದನ್ನ ಓದಿಸಿಕೊಂಡು ‘ಮೆದುಳೇ ಒಣಗಿದ ಮೇಲೆ ಗುಳಿಗಿ ಕೊಟ್ಟು ಏನು ಉಪಯೋಗ’ ಅಂದುಬಿಟ್ಟರು. ಅವ್ವ ಅವತ್ತಿನಿಂದ ಸರಿಯಾಗಿ ಊಟ ಮಾಡ್ತಿಲ್ಲ. ಇದ್ದದ್ದು ಇದ್ದಂಗೆ ಹೇಳ್ರಿ.

ಉತ್ತರ, ಮನೋವೈದ್ಯೆ, ಕಲಬುರಗಿ:
ಮೊದಲು ಅವ್ವನಿಗೆ ಹೇಳಿ. ಆ ರಿಪೋರ್ಟ್ ಹಿಡಿದುಕೊಂಡು ನಿಮ್ಮ ತಮ್ಮನ ಮುಂದಿನ ಬದುಕು ಹೇಳೋಕೆ ಯಾರಿಂದಲೂ ಆಗಲ್ಲ. ಕಾಕಾ ಅವರಿಂದಲೂ ಇಲ್ಲ, ನನ್ನಿಂದಲೂ ಇಲ್ಲ.

ಹಾಗಂತ ರಿಪೋರ್ಟ್ ಸುಳ್ಳಲ್ಲ. ವೆಂಟ್ರಿಕಲ್ ಅಂದರೆ ಮೆದುಳಿನ ಒಳಗೆ ದ್ರವ ಇರುವ ಜಾಗ. ಸೈಕೋಸಿಸ್ ದೀರ್ಘಕಾಲ ಉಳಿಯುವ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ ಇರುವವರಲ್ಲಿ ಅದು ಸ್ವಲ್ಪ ದೊಡ್ಡದಿರುತ್ತೆ ಎಂದು ಇಂಗ್ಲೆಂಡಿನ ವೈದ್ಯರು ಸಿಟಿ ಸ್ಕ್ಯಾನ್ ಮಾಡಿ 1976ರಲ್ಲೇ ತೋರಿಸಿದರು. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ 2016ರಲ್ಲಿ 2,028 ರೋಗಿಗಳ ಸ್ಕ್ಯಾನ್‌ಗಳನ್ನು 2,540 ಆರೋಗ್ಯವಂತರ ಸ್ಕ್ಯಾನ್‌ಗಳ ಜೊತೆ ಇಟ್ಟು ನೋಡಿತು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ರೋಗಿಗಳಲ್ಲಿ ಚಿಕ್ಕದಿತ್ತು. ಎರಡು ವರ್ಷದ ನಂತರ ಅದೇ ತಂಡ ಮೆದುಳಿನ ಹೊರಪದರವೂ ತೆಳ್ಳಗಿದೆ ಎಂದು ತೋರಿಸಿತು. ಹಣೆಯ ಹಿಂದೆ ಮತ್ತು ಕಿವಿಯ ಬದಿಗೆ ಅದು ಜಾಸ್ತಿ. ಒಂದು ಗುಳಿಗೆಯನ್ನೂ ನುಂಗದ ಹೊಸ ರೋಗಿಗಳಲ್ಲೂ ಇಂಥ ಬದಲಾವಣೆ ಒಂದಿಷ್ಟು ಸಿಕ್ಕಿದೆ.

ಆದರೆ ಇವೆಲ್ಲ ಸರಾಸರಿ ಲೆಕ್ಕ. 2013ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಔಷಧಿ ತಗೊಳ್ಳುತ್ತಿದ್ದವರ ಮೆದುಳಿನ ಗಾತ್ರ ಸರಾಸರಿ ಶೇ 2.6ರಷ್ಟು ಕಡಿಮೆ ಇತ್ತು. ಅಷ್ಟೇ. ಎರಡು ಊರುಗಳ ತೊಗರಿ ಇಳುವರಿಯ ಸರಾಸರಿಯಲ್ಲಿ ಫರಕು ಇರಬಹುದು. ಒಬ್ಬ ರೈತನಿಗೆ ಎಷ್ಟು ಚೀಲ ಬಂತು ಅಂತ ಕೇಳಿ ಅವನು ಯಾವ ಊರಿನವನು ಅಂತ ಹೇಳೋಕಾಗುತ್ತಾ? ಇದೂ ಹಾಗೇ. ಏನೂ ತೊಂದರೆ ಇಲ್ಲದೆ ಓಡಾಡುವವರಲ್ಲೂ ದೊಡ್ಡ ವೆಂಟ್ರಿಕಲ್ ಇರುತ್ತೆ. ಕಾಯಿಲೆ ಜೋರಾಗಿರುವವರ ಸ್ಕ್ಯಾನ್ ಎಷ್ಟೋ ಸಲ ಪೂರ್ತಿ ನಾರ್ಮಲ್ ಬರುತ್ತೆ. ಅದಕ್ಕೇ ಸೈಕೋಸಿಸ್ ಇದೆಯೋ ಇಲ್ಲವೋ ಎಂದು ಸ್ಕ್ಯಾನ್ ನೋಡಿ ಯಾರೂ ತೀರ್ಮಾನ ಮಾಡಲ್ಲ.

‘ಒಣಗಿದೆ’ ಅನ್ನೋದಂತೂ ತಪ್ಪು. ತೀರಿಕೊಂಡ ರೋಗಿಗಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮರೆವಿನ ಕಾಯಿಲೆಯಲ್ಲಿ ಆಗುವ ಹಾಗೆ ನರಕೋಶಗಳು ರಾಶಿ ರಾಶಿ ಸತ್ತಿರಲಿಲ್ಲ. ಕೋಶದಿಂದ ಕೋಶಕ್ಕೆ ಇರುವ ಕೊಂಡಿಗಳು ಕಡಿಮೆಯಾಗಿದ್ದವು. ಹದಿವಯಸ್ಸಿನಲ್ಲಿ ಎಲ್ಲರ ಮೆದುಳೂ ಬೇಡದ ಕೊಂಡಿಗಳನ್ನು ಕತ್ತರಿಸಿ ಹಾಕುತ್ತೆ. ಕೆಲವರಲ್ಲಿ ಈ ಕತ್ತರಿ ಕೆಲಸ ಅತಿಯಾಗುತ್ತದೆಯೇನೋ ಎಂಬ ಅನುಮಾನಕ್ಕೆ 2016ರಲ್ಲಿ ಸಿ4 ಎಂಬ ಜೀನ್‌ನ ಸಂಶೋಧನೆ ಬಲ ಕೊಟ್ಟಿತು. ಕಾಯಿಲೆ ಹೆಚ್ಚಾಗಿ ಕಾಲೇಜು ವಯಸ್ಸಲ್ಲೇ ಯಾಕೆ ಬರುತ್ತೆ ಅನ್ನೋದಕ್ಕೂ ಇದು ಹೊಂದುತ್ತೆ.

ಹಾಗಾದರೆ ಎಂಆರ್‌ಐ ಯಾಕೆ ಮಾಡಿಸಿದರು ಅಂತೀರಾ? ಗಡ್ಡೆ, ಮೆದುಳಿನ ಉರಿಯೂತ, ಮೆದುಳಿಗೆ ಸೇರಿದ ಲಾಡಿಹುಳದ ಮರಿ, ಇವೂ ಒಮ್ಮೊಮ್ಮೆ ಇದೇ ಲಕ್ಷಣ ತೋರಿಸುತ್ತವೆ. ಲಾಡಿಹುಳ ಅಂದ ಕೂಡಲೇ ನಾವು ಮಾಂಸ ತಿನ್ನೋರಲ್ಲ ಅನ್ನಬೇಡಿ, ಅದರ ಮೊಟ್ಟೆ ತೊಳೆಯದ ತರಕಾರಿಯಲ್ಲೂ ಬರುತ್ತೆ. ನಿಮ್ಮ ರಿಪೋರ್ಟ್‌ನಲ್ಲಿ ಇವ್ಯಾವೂ ಇಲ್ಲ ಎಂದಾದರೆ ಸ್ಕ್ಯಾನ್‌ನಿಂದ ತಿಳಿಯಬೇಕಾದ್ದು ತಿಳಿದಂತೆ.

ಹುಷಾರಾಗೋ ಮಾತಿಗೆ ಬರ್ತೀನಿ. ಮೊದಲ ಸಲ ಸೈಕೋಸಿಸ್ ಬಂದವರ 79 ಅಧ್ಯಯನಗಳನ್ನು 2017ರಲ್ಲಿ ಒಟ್ಟು ಮಾಡಿದರು. ನೂರಕ್ಕೆ 58 ಮಂದಿಯಲ್ಲಿ ಲಕ್ಷಣ ಹತೋಟಿಗೆ ಬಂದಿತ್ತು. ಓದು, ಕೆಲಸ, ಜನರ ಒಡನಾಟ ಎಲ್ಲ ಸೇರಿಸಿ ಚೇತರಿಸಿಕೊಂಡವರು 38. ಕಾಕಾ ಅವರಿಗೆ ಈ ಸಂಖ್ಯೆ ಓದಿ ಹೇಳಿ. ಇನ್ನೊಂದು, ನಾರ್ವೆಯ ಕೆಲವು ಭಾಗದಲ್ಲಿ ಪೇಪರ್, ಶಾಲೆಗಳ ಮೂಲಕ ಜನರಿಗೆ ತಿಳಿಸಿ ರೋಗಿಗಳನ್ನು ಬೇಗ ಕರೆತಂದರು. ಕಾಯಿಲೆ ಶುರುವಾಗಿ ಚಿಕಿತ್ಸೆ ಸಿಗುವ ಹೊತ್ತಿಗೆ ಬೇರೆ ಕಡೆ ಸಾಮಾನ್ಯವಾಗಿ 16 ವಾರ ಆಗುತ್ತಿದ್ದರೆ, ಅಲ್ಲಿ 5 ವಾರ. ಹತ್ತು ವರ್ಷದ ಮೇಲೆ ನೋಡಿದಾಗ ಬೇಗ ಕರೆತಂದ ಕಡೆ ನೂರಕ್ಕೆ 31 ಮಂದಿ ಚೇತರಿಸಿಕೊಂಡಿದ್ದರು, ಇನ್ನೊಂದು ಕಡೆ 15. ನೀವು ಮೂರು ತಿಂಗಳಿಗೆ ಬಂದಿದ್ದೀರಿ. ನನ್ನ ಹತ್ತಿರ ಎರಡು ಮೂರು ವರ್ಷ ಸುಮ್ನೆ ಕಾದು ಬರೋರೇ ಜಾಸ್ತಿ.

ಪ್ರಶ್ನೆ, ಭಾಲ್ಕಿಯಿಂದ:
ಮೇಡಂ, ಗುಳಿಗೆಯಿಂದಲೇ ಮೆದುಳು ಕುಗ್ಗುತ್ತೆ ಅಂತ ಒಂದು ವಿಡಿಯೋ ನೋಡಿದೆ. ನನ್ನ ಮಗಳದ್ದು ನಿಲ್ಲಿಸಲಾ?

ಉತ್ತರ:
ನಿಲ್ಲಿಸಬೇಡಿ. ಆದರೆ ವಿಡಿಯೋದವರು ಪೂರ್ತಿ ಸುಳ್ಳು ಹೇಳಿಲ್ಲ. ಅಮೆರಿಕದ ಅಯೋವಾದಲ್ಲಿ 211 ರೋಗಿಗಳನ್ನು ಸರಾಸರಿ ಏಳು ವರ್ಷ ಗಮನಿಸಿ, ಹೆಚ್ಚು ಔಷಧಿ ತಗೊಂಡವರಲ್ಲಿ ಮೆದುಳಿನ ಗಾತ್ರ ಸ್ವಲ್ಪ ಹೆಚ್ಚು ಇಳಿದಿದೆ ಎಂದು 2011ರಲ್ಲಿ ಬರೆದರು. ಅದೇ ಅಧ್ಯಯನದವರು ಎರಡು ವರ್ಷ ಬಿಟ್ಟು ಹೇಳಿದ್ದನ್ನ ವಿಡಿಯೋದಲ್ಲಿ ಬಿಟ್ಟಿರುತ್ತಾರೆ: ಕಾಯಿಲೆ ಮರುಕಳಿಸಿ ಹೆಚ್ಚು ದಿನ ಕಾಡಿದವರಲ್ಲೂ ಮೆದುಳಿನ ಗಾತ್ರ ಇಳಿದಿತ್ತು. 2020ರಲ್ಲಿ ಭ್ರಮೆಯ ಜೊತೆ ಖಿನ್ನತೆ ಇದ್ದವರಿಗೆ 36 ವಾರ ಒಲಾಂಜಪಿನ್ ಎಂಬ ಸೈಕೋಸಿಸ್ ಗುಳಿಗೆ ಅಥವಾ ಔಷಧಿಯೇ ಇಲ್ಲದ ಖಾಲಿ ಗುಳಿಗೆ ಕೊಟ್ಟು ನೋಡಿದರು. ಒಲಾಂಜಪಿನ್‌ನಿಂದ ಹೊರಪದರ ತುಸು ತೆಳುವಾಯಿತು. ಖಾಲಿ ಗುಳಿಗೆ ತಗೊಂಡು ಕಾಯಿಲೆ ತಿರುಗಿ ಬಂದವರಲ್ಲೂ ತೆಳುವಾಯಿತು.

ಹಾಗಾಗಿ ನಾನು ಮಾಡೋದಿಷ್ಟೇ. ಕೆಲಸ ಮಾಡುವ ಕನಿಷ್ಠ ಡೋಸ್ ಹುಡುಕ್ತೀನಿ, ಅದನ್ನ ತಪ್ಪದೆ ಕೊಡ್ತೀನಿ. ಮೊದಲ ಸಲದ ನಂತರ ಔಷಧಿ ಬಿಟ್ಟವರಿಗೆ ಕಾಯಿಲೆ ಮರುಕಳಿಸುವ ಅಪಾಯ ಸುಮಾರು ಐದು ಪಟ್ಟು ಎಂದು ಒಂದು ಪ್ರಸಿದ್ಧ ಅಧ್ಯಯನ ತೋರಿಸಿದೆ. ಕಮ್ಮಿ ಮಾಡೋದಿದ್ದರೆ ಡಾಕ್ಟರ್ ಜೊತೆ ಕೂತು ನಿಧಾನಕ್ಕೆ ಮಾಡಿ.

ಪ್ರಶ್ನೆ, ಅಫಜಲಪುರದಿಂದ:
ಗಾಣಗಾಪುರಕ್ಕೆ ಕರಕೊಂಡು ಹೋಗಬಾರದಾ ಮೇಡಂ? ಮನೆಯಲ್ಲಿ ಹಿರಿಯರು ಬಿಡ್ತಿಲ್ಲ.

ಉತ್ತರ:
ಹೋಗಿ ಬನ್ನಿ, ಗುಳಿಗೆ ಡಬ್ಬಿ ಜೊತೆಗಿರಲಿ. ಉಪವಾಸ ಮಾಡಿಸಬೇಡಿ, ಕಟ್ಟಿ ಹಾಕಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸರಪಳಿ ಹಾಕೋದು ನಿಷಿದ್ಧ.

ಪ್ರಶ್ನೆ, ಯಾದಗಿರಿಯಿಂದ:
ನಮಗೆ ಹತ್ತಿರದಲ್ಲಿ ಎಲ್ಲಿ ತೋರಿಸೋದು ಅಕ್ಕಾ?

ಉತ್ತರ:
ನಿಮ್ಮ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ಯಾವ ವಾರ ಅಂತ ವಿಚಾರಿಸಿಕೊಂಡೇ ಹೊರಡಿ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ.

ಮತ್ತೆ ಸೇಡಂನಿಂದ:
ಥ್ಯಾಂಕ್ಸ್ ಮೇಡಂ. ಕಾಕಾಗೆ ಓದಿ ಹೇಳಿದೆ, ಸುಮ್ಮನಾದರು. ಆರು ತಿಂಗಳಿಗೆ ಇನ್ನೊಂದು ಎಂಆರ್‌ಐ ಮಾಡಿಸಬೇಕಾ, ಕುಗ್ಗಿದ್ದು ನಿಂತಿದೆಯಾ ಅಂತ ನೋಡೋಕೆ?

ಉತ್ತರ:
ಬೇಡ. ಫಿಟ್ಸ್ ಬಂದರೆ, ಕೈಕಾಲು ಸೋತರೆ, ಜ್ಞಾನ ತಪ್ಪಿದರೆ ಮಾತ್ರ ಮತ್ತೆ ಸ್ಕ್ಯಾನ್ ಯೋಚನೆ. ಆ ದುಡ್ಡು ಉಳಿಸಿ ಮೂರು ತಿಂಗಳಿಗೊಮ್ಮೆ ತೂಕ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ, ಈ ಗುಳಿಗೆಗಳಲ್ಲಿ ಕೆಲವು ಅವನ್ನು ಏರಿಸುತ್ತವೆ. ರೂಮಿನಲ್ಲಿ ಗಾಂಜಾ ಏನಾದರೂ ಇತ್ತಾ ಅಂತ ಬೈಯದೆ ಕೇಳಿ, ಇದ್ದರೆ ಡಾಕ್ಟರ್‌ಗೆ ತಿಳಿಸಿ. ಕಾಲೇಜಿಗೆ ಈ ಸೆಮಿಸ್ಟರ್ ರಜೆ ಹಾಕಿಸಿ, ಹೆಸರು ಮಾತ್ರ ತೆಗೆಸಬೇಡಿ.