ಬಾಟ್ ಮೆಸೇಜ್ ಯಾರೂ ಓದುತ್ತಿಲ್ಲ, ಅಪ್ರೂವಲ್ ಕಳೆದುಹೋಗುತ್ತಿವೆ: ಸ್ಲಾಕ್ ಸೆಟಪ್ ಹೇಗಿರಬೇಕು?

ಕೀಲಿಮಣೆ:
ಸುಮಾರು 40 ಜನರ ಟೀಮ್. ಟಿಕೆಟ್, ಡಿಪ್ಲಾಯ್ (ಹೊಸ ಕೋಡ್ ಸರ್ವರ್‌ಗೆ ಏರಿಸುವುದು), ಮಾನಿಟರಿಂಗ್ ಅಲರ್ಟ್, ಖರೀದಿ ಅಪ್ರೂವಲ್ ಎಲ್ಲವೂ ಇನ್‌ಕಮಿಂಗ್ ವೆಬ್‌ಹುಕ್ (ಹೊರಗಿನ ಟೂಲ್ ಮೆಸೇಜ್ ಹಾಕಲು ಬಳಸುವ ವಿಳಾಸ) ಮೂಲಕ ನಮ್ಮ ಆಫೀಸ್ ಚಾಟ್ ಆದ ಸ್ಲಾಕ್‌ನ ಒಂದೇ ಚಾನೆಲ್‌ಗೆ ಬಂದು ಬೀಳುತ್ತವೆ. ಅರ್ಧದಷ್ಟು ಜನ ಅದನ್ನು ಮ್ಯೂಟ್ ಮಾಡಿದ್ದಾರೆ. ಅಪ್ರೂವಲ್‌ಗೆ ಯಾರಾದರೂ ಥಂಬ್ಸ್ ಅಪ್ ಹಾಕಿದರೆ ಒಪ್ಪಿಗೆ ಎಂದು ಲೆಕ್ಕ. ಜೊತೆಗೆ, ಮೆಸೇಜ್‌ಗೆ ಒಂದು ಇಮೋಜಿ ಹಾಕಿದರೆ ಟಿಕೆಟ್ ತೆರೆಯುವ ಸ್ಕ್ರಿಪ್ಟ್ ಇದೆ; ಅದು ಆಗಾಗ ಒಂದೇ ಮೆಸೇಜ್‌ಗೆ ಎರಡು ಮೂರು ಟಿಕೆಟ್ ತೆರೆಯುತ್ತದೆ. ಎಲ್ಲಿಂದ ಶುರು ಮಾಡಬೇಕು?

ಎಂಟನೇ ಟ್ಯಾಬ್:
ಚಾನೆಲ್ ಒಡೆಯುವುದರಿಂದ. ಆದರೆ ಟೂಲ್‌ಗೊಂದು ಚಾನೆಲ್ ಮಾಡಬೇಡಿ, ಎಲ್ಲರೂ ಮಾಡುವುದು ಅದನ್ನೇ. ಓದಿದವರು ಏನು ಮಾಡಬೇಕು ಎಂಬುದರ ಮೇಲೆ ಒಡೆಯಿರಿ: ಈಗಲೇ ಕೈ ಹಾಕಬೇಕಾದದ್ದು ಒಂದು ಕಡೆ, ಇವತ್ತಿನೊಳಗೆ ಆಗಬೇಕಾದದ್ದು ಇನ್ನೊಂದು ಕಡೆ. ಬರೀ ಮಾಹಿತಿಯಾದದ್ದನ್ನು ಮ್ಯೂಟ್ ಮಾಡಿದರೂ ನಷ್ಟವಿಲ್ಲದ ಮೂರನೇ ಚಾನೆಲ್‌ಗೆ ಹಾಕಿ. ಡಿಪ್ಲಾಯ್ ಸರಿಯಾಗಿ ಮುಗಿಯಿತು ಎಂಬುದು ಮೂರನೆಯದಕ್ಕೆ, ಕೆಟ್ಟಿತು ಎಂಬುದು ಮೊದಲನೆಯದಕ್ಕೆ. ಟೂಲ್ ಒಂದೇ, ದಾರಿ ಬೇರೆ.

ಮೆಸೇಜಿನ ಮೊದಲ ಸಾಲಿನಲ್ಲೇ ಯಾರು, ಏನು, ಯಾವಾಗಿನೊಳಗೆ ಎಂಬ ಮೂರೂ ಇರಲಿ. ಫೋನ್ ನೋಟಿಫಿಕೇಶನ್‌ನಲ್ಲಿ ಕಾಣುವುದು ಅಷ್ಟೇ. "ಹೊಸ ಅಲರ್ಟ್ ಬಂದಿದೆ" ಎಂದು ಶುರುವಾಗುವ ಮೆಸೇಜ್ ಬಂದರೂ ಒಂದೇ, ಬಿಟ್ಟರೂ ಒಂದೇ. "ಪಾವತಿ ಸರ್ವರ್ ಡಿಸ್ಕ್ 92% ತುಂಬಿದೆ, ಆನ್‌ಕಾಲ್‌ನವರು 30 ನಿಮಿಷದೊಳಗೆ ನೋಡಿ" ಎಂದರೆ ಯಾರಾದರೂ ಏಳುತ್ತಾರೆ (ಆನ್‌ಕಾಲ್ ಎಂದರೆ ಆ ಹೊತ್ತಿನ ತುರ್ತು ಪಾಳಿ). ಆಟ್ ಚಾನೆಲ್ (@channel) ಎಂದರೆ ಚಾನೆಲ್‌ನ ಎಲ್ಲರಿಗೂ, ಆಟ್ ಹಿಯರ್ (@here) ಎಂದರೆ ಆ ಹೊತ್ತಿಗೆ ಆಕ್ಟಿವ್ ಇರುವವರಿಗೆ ಮಾತ್ರ. ಬಾಟ್‌ಗೆ ಎರಡೂ ಬೇಡ. ಆನ್‌ಕಾಲ್ ಯೂಸರ್ ಗ್ರೂಪ್ ಮಾಡಿ ಅದನ್ನಷ್ಟೇ ಕರೆಯಿರಿ.

ಹಳೇ ಸರ್ವರ್:
ಡಬಲ್ ಟಿಕೆಟ್‌ಗೆ ಕಾರಣ ಹೆಚ್ಚೂ ಕಮ್ಮಿ ಖಚಿತ. ಸ್ಲಾಕ್ ಕಳಿಸಿದ ಈವೆಂಟ್‌ಗೆ (ಇಮೋಜಿ ಬಿತ್ತು ಎಂಬಂಥ ಸುದ್ದಿಗೆ) 3 ಸೆಕೆಂಡಿನೊಳಗೆ 200, ಅಂದರೆ ಸಿಕ್ಕಿತು ಎಂಬ ಉತ್ತರ ಹೋಗಬೇಕು. ನಿಮ್ಮ ಸ್ಕ್ರಿಪ್ಟ್ ಟಿಕೆಟ್ ತೆರೆದು ಮುಗಿಸಿದ ಮೇಲೆ ಉತ್ತರಿಸುತ್ತಿರಬೇಕು. ತಡವಾದರೆ ಸ್ಲಾಕ್ ಅದೇ ಈವೆಂಟನ್ನು ಮತ್ತೆ ಮೂರು ಸಲ ಕಳಿಸುತ್ತದೆ: ಹೆಚ್ಚುಕಮ್ಮಿ ತಕ್ಷಣ ಒಂದು, 1 ನಿಮಿಷಕ್ಕೆ ಒಂದು, 5 ನಿಮಿಷಕ್ಕೆ ಒಂದು. ಡಬಲ್ ಟಿಕೆಟ್‌ಗಳು ತೆರೆದ ಸಮಯ ನೋಡಿ, ಈ ಅಂತರವೇ ಕಂಡರೆ ಅನುಮಾನವೇ ಬೇಡ.

ರಿಪೇರಿ ಹೀಗೆ. ಈವೆಂಟ್ ಬಂದ ಕೂಡಲೇ ಸಿಗ್ನೇಚರ್ (ಸ್ಲಾಕೇ ಕಳಿಸಿದ್ದು ಎಂಬ ಗುರುತು) ಪರೀಕ್ಷಿಸಿ, ಕ್ಯೂಗೆ, ಅಂದರೆ ಕೆಲಸದ ಸರದಿಗೆ ಹಾಕಿ, 200 ಕಳಿಸಿ. ಟಿಕೆಟ್ ತೆರೆಯುವ ಕೆಲಸವನ್ನು ಹಿನ್ನೆಲೆಯಲ್ಲಿ ಓಡುವ ಬೇರೆ ಪ್ರೋಗ್ರಾಂ (ವರ್ಕರ್) ಮಾಡಲಿ. ಚಾನೆಲ್ ಐಡಿ ಮತ್ತು ಮೆಸೇಜ್‌ನ ಟಿಎಸ್ (ಆ ಮೆಸೇಜಿನ ಗುರುತಾಗಿರುವ ಸಮಯದ ಅಂಕಿ) ಸೇರಿಸಿ ಡೇಟಾಬೇಸ್‌ನಲ್ಲಿ ಯುನೀಕ್ ಕೀ ಇಡಿ, ಅದೇ ಜೋಡಿ ಎರಡನೇ ಸಲ ಸೇರದಂತೆ. ಈವೆಂಟ್ ಐಡಿ ಒಂದನ್ನೇ ನಂಬಿದರೆ ಸಾಲದು: ಇಬ್ಬರು ಅದೇ ಇಮೋಜಿ ಹಾಕಿದರೆ ಈವೆಂಟ್ ಎರಡು, ಆದರೆ ಟಿಕೆಟ್ ಒಂದೇ ಬೇಕು.

ಸಿಗ್ನೇಚರ್ ವಿಷಯದಲ್ಲಿ ಜನ ಎಡವುವ ಜಾಗ ಒಂದಿದೆ. ಸಿಗ್ನೇಚರ್ ಲೆಕ್ಕ ಹಾಕಲು (ಹ್ಯಾಶ್ ಮಾಡಲು) ಬಳಸಬೇಕಾದದ್ದು ಬಾಡಿಯನ್ನು, ಅಂದರೆ ಈವೆಂಟಿನ ಒಳಗಿನ ಪಠ್ಯವನ್ನು, ಬಂದ ಹಾಗೆಯೇ. ಫ್ರೇಮ್‌ವರ್ಕ್ ಅದನ್ನು ಬಿಡಿಸಿ ಮತ್ತೆ ಜೋಡಿಸಿಕೊಟ್ಟರೆ ಒಂದು ಸ್ಪೇಸ್ ವ್ಯತ್ಯಾಸ ಸಾಕು, ಹೊಂದುವುದಿಲ್ಲ. ಆಗ ತಾಳ್ಮೆಗೆಟ್ಟು ಪರೀಕ್ಷೆಯನ್ನೇ ಕಿತ್ತುಹಾಕುವವರಿದ್ದಾರೆ, ಹಾಗೆ ಮಾಡಬೇಡಿ.

ಇನ್ನು ಇನ್‌ಕಮಿಂಗ್ ವೆಬ್‌ಹುಕ್. ಅದು ಮೆಸೇಜ್ ಹಾಕಬಲ್ಲದು, ಹಾಕಿದ್ದನ್ನು ತಿದ್ದಲಾರದು. ಟಿಎಸ್ ಕೂಡ ವಾಪಸ್ ಕೊಡುವುದಿಲ್ಲ. ಹಾಗಾಗಿ "ಡಿಪ್ಲಾಯ್ ಶುರು", "ಟೆಸ್ಟ್ ಪಾಸ್", "ಡಿಪ್ಲಾಯ್ ಮುಗಿಯಿತು" ಎಂದು ಮೂರು ಮೆಸೇಜ್ ಸಾಲುಗಟ್ಟುತ್ತವೆ. ವೆಬ್‌ಹುಕ್ ಬದಲು ಬಾಟ್ ಟೋಕನ್ (ಬಾಟ್‌ಗೆ ಸ್ಲಾಕ್ ಕೊಡುವ ಗುಪ್ತ ಕೀಲಿ) ಬಳಸಿ. ಮೆಸೇಜ್ ಹಾಕುವ ಆಜ್ಞೆ ಚಾಟ್ ಪೋಸ್ಟ್‌ಮೆಸೇಜ್ (chat.postMessage) ಕೊಡುವ ಟಿಎಸ್ ಉಳಿಸಿಕೊಂಡು, ಮುಂದಿನ ಹಂತಗಳಲ್ಲಿ ಚಾಟ್ ಅಪ್‌ಡೇಟ್‌ನಿಂದ (chat.update) ಅದೇ ಮೆಸೇಜನ್ನು ತಿದ್ದಿ. ಲಾಗ್ ಏನಿದ್ದರೂ ಅದರ ಥ್ರೆಡ್‌ಗೆ. ತಿದ್ದಿದರೆ ಹೊಸ ನೋಟಿಫಿಕೇಶನ್ ಹೋಗುವುದಿಲ್ಲ ಎಂಬುದು ನೆನಪಿರಲಿ: ಕೆಟ್ಟ ಸುದ್ದಿಯಾದರೆ ತಿದ್ದುವುದರ ಜೊತೆಗೆ ಹೊಸ ಮೆಸೇಜೂ ಬೇಕು.

ಒಂದು ಚಾನೆಲ್‌ಗೆ ಸೆಕೆಂಡಿಗೆ ಸುಮಾರು 1 ಮೆಸೇಜ್ ಮಿತಿ. ಮೀರಿದರೆ 429, ಅಂದರೆ ಮಿತಿ ಮೀರಿತು ಎಂಬ ದೋಷ ಬರುತ್ತದೆ. ಎಷ್ಟು ಸೆಕೆಂಡ್ ಕಾಯಬೇಕು ಎಂಬುದು ಆ ಉತ್ತರದ ಜೊತೆ ಬರುವ ರೀಟ್ರೈ ಆಫ್ಟರ್ (Retry-After) ಹೆಡರ್‌ನಲ್ಲಿರುತ್ತದೆ. ಒಂದು ನೆಟ್‌ವರ್ಕ್ ಬಿದ್ದು 200 ಅಲರ್ಟ್ ಒಟ್ಟಿಗೆ ಬರುವ ಹೊತ್ತಿನಲ್ಲೇ ಇದು ಕೈಕೊಡುವುದು. ಅವನ್ನು ಮಾನಿಟರಿಂಗ್ ಕಡೆಯಲ್ಲೇ ಗುಂಪು ಮಾಡಿ ಒಂದೇ ಮೆಸೇಜ್ ಕಳಿಸಿ.

ನಡುಸಾಲು:
ಅಪ್ರೂವಲ್ ಬಗ್ಗೆ ಮಾತ್ರ ಹೇಳುತ್ತೇನೆ. ಇಮೋಜಿಯನ್ನು ಹಾಕಿದವರು ಯಾವಾಗ ಬೇಕಾದರೂ ತೆಗೆಯಬಹುದು. ಅದನ್ನು ನಂಬಿ ಖರೀದಿ ಮಾಡುವುದು ನೀರ ಮೇಲೆ ಲೆಕ್ಕ ಬರೆದಂತೆ. ದಾಖಲೆ ಡೇಟಾಬೇಸ್‌ನಲ್ಲಿ ಅಥವಾ ಟಿಕೆಟ್‌ನಲ್ಲಿರಲಿ. ಚಾಟ್ ಬರೀ ಬಾಗಿಲು.

ಪ್ರತಿ ಕೋರಿಕೆಗೆ ಐಡಿ, ಕೋರಿದವರು, ಅಪ್ರೂವ್ ಮಾಡಬೇಕಾದವರು, ಅವರಿಲ್ಲದಿದ್ದರೆ ಬದಲಿ, ಗಡುವು, ಸ್ಥಿತಿ ಇಷ್ಟು ಕಾಲಂ. ಮೆಸೇಜ್‌ನಲ್ಲಿ ಎರಡು ಬಟನ್. ಬಟನ್‌ನ ವ್ಯಾಲ್ಯೂನಲ್ಲಿ ಐಡಿ ಮಾತ್ರ ಇಡಿ, ಮೊತ್ತವನ್ನು ಯಾವಾಗಲೂ ಡೇಟಾಬೇಸ್‌ನಿಂದಲೇ ಓದಿ. ಚಾನೆಲ್‌ನಲ್ಲಿರುವ ಯಾರು ಬೇಕಾದರೂ ಬಟನ್ ಒತ್ತಬಹುದು, ಆದ್ದರಿಂದ ಒತ್ತಿದವರ ಯೂಸರ್ ಐಡಿಯನ್ನು ಸರ್ವರ್‌ನಲ್ಲಿ ಪರೀಕ್ಷಿಸಲೇಬೇಕು. ಕೋರಿದವರೇ ಅಪ್ರೂವ್ ಮಾಡುವ ಹಾಗಿರಬಾರದು.

ತಿರಸ್ಕರಿಸಿದರೆ ಕಾರಣ ಕೇಳುವ ಪುಟ್ಟ ಫಾರ್ಮ್ ತೆರೆಯಿರಿ. ಇಲ್ಲಿ ಮೇಲಿನವರು ಹೇಳಿದ ಕ್ಯೂ ಸೂತ್ರ ನಡೆಯದು: ಫಾರ್ಮ್ ತೆರೆಯಲು ಬೇಕಾದ ಟ್ರಿಗರ್ ಐಡಿ (ಬಟನ್ ಒತ್ತಿದಾಗ ಸ್ಲಾಕ್ ಕೊಡುವ ಗುರುತು) 3 ಸೆಕೆಂಡಿಗೆ ಸತ್ತುಹೋಗುತ್ತದೆ. ಅದನ್ನು ಬಂದ ಕೂಡಲೇ ನೇರವಾಗಿ ತೆರೆಯಬೇಕು.

ಕೀಲಿಮಣೆ:
ಇಬ್ಬರು ಒಂದೇ ಕ್ಷಣಕ್ಕೆ, ಒಬ್ಬರು ಒಪ್ಪಿಗೆ ಇನ್ನೊಬ್ಬರು ತಿರಸ್ಕಾರ ಒತ್ತಿದರೆ? ಮತ್ತೆ ರಿಮೈಂಡರ್‌ಗೆ ಸ್ಲಾಕ್‌ನ ಶೆಡ್ಯೂಲ್ಡ್ ಮೆಸೇಜ್ ಸಾಕೇ?

ನಡುಸಾಲು:
"ಸ್ಥಿತಿ ಬಾಕಿ ಇದ್ದರೆ ಮಾತ್ರ ಬದಲಿಸು" ಎಂಬ ಷರತ್ತನ್ನು ಅಪ್‌ಡೇಟ್ ಕ್ವೆರಿಯೊಳಗೇ ಹಾಕಿ. ಮೊದಲು ಓದಿ ಆಮೇಲೆ ಬರೆದರೆ ನಡುವೆ ಇನ್ನೊಬ್ಬರು ನುಸುಳುತ್ತಾರೆ. ಬದಲಾದ ಸಾಲು 0 ಎಂದು ಬಂದರೆ ಎರಡನೆಯವರಿಗೆ ಮಾತ್ರ ಕಾಣುವ ಎಫೆಮರಲ್ ಮೆಸೇಜ್: "ಇದು ಈಗಾಗಲೇ ತೀರ್ಮಾನವಾಗಿದೆ." ಆಮೇಲೆ ಮೂಲ ಮೆಸೇಜ್‌ನಿಂದ ಬಟನ್ ತೆಗೆದು, ಯಾರು ಎಷ್ಟು ಹೊತ್ತಿಗೆ ನಿರ್ಧರಿಸಿದರು ಎಂದು ಬರೆಯಿರಿ.

ಶೆಡ್ಯೂಲ್ಡ್ ಮೆಸೇಜ್ ಬೇಡ. ಅಪ್ರೂವ್ ಆದ ಮೇಲೆ ಅದನ್ನು ಅಳಿಸಲು ಮರೆತರೆ ಮುಗಿದ ಕೆಲಸಕ್ಕೆ ರಿಮೈಂಡರ್ ಬರುತ್ತದೆ. 15 ನಿಮಿಷಕ್ಕೊಮ್ಮೆ ತಾನಾಗಿ ಓಡುವ ಸ್ಕ್ರಿಪ್ಟ್ (ಕ್ರಾನ್), ಇನ್ನೂ ಬಾಕಿ ಇರುವುದನ್ನು ಮಾತ್ರ ಹುಡುಕಲಿ. 4 ಕೆಲಸದ ಗಂಟೆಗೆ ಖಾಸಗಿ ಮೆಸೇಜ್, 8ಕ್ಕೆ ಬದಲಿಯವರಿಗೆ. ಗಂಟೆ ಎಣಿಸುವಾಗ ರಾತ್ರಿ, ರಜೆ ಬಿಡಿ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿ (ವಿಶ್ವ ಪ್ರಮಾಣ ಸಮಯದಲ್ಲಿ) ಇದ್ದರೆ ಟೈಮ್‌ಜೋನ್ ಸ್ಪಷ್ಟವಾಗಿ ನಮೂದಿಸಿ.

ಎಂಟನೇ ಟ್ಯಾಬ್:
4 ಗಂಟೆ ಎಲ್ಲದಕ್ಕೂ ಹೊಂದುವುದಿಲ್ಲ. ಪ್ರೊಡಕ್ಷನ್ ಆಕ್ಸೆಸ್ ಕೋರಿಕೆಗೆ 15 ನಿಮಿಷವೇ ಜಾಸ್ತಿ, ಪುಸ್ತಕ ಖರೀದಿಗೆ ಎರಡು ದಿನವಾದರೂ ಪರವಾಗಿಲ್ಲ. ಕೋರಿಕೆ ಯಾವ ಬಗೆಯದು ಎಂಬುದಕ್ಕೆ ಗಡುವನ್ನು ಕಟ್ಟಿಹಾಕಿ.

ಹಳೇ ಸರ್ವರ್:
ಒಪ್ಪುತ್ತೇನೆ. ಸ್ಲಾಕ್ ಬದಲು ಮೈಕ್ರೋಸಾಫ್ಟ್‌ನ ಟೀಮ್ಸ್ ಬಳಸುವವರಿಗೂ ಒಂದು ಮಾತು: ಹೊರಗಿನ ಟೂಲ್‌ಗಳ ಮೆಸೇಜ್ ತರುವ ಅಲ್ಲಿನ ಹಳೆಯ ಆಫೀಸ್ 365 ಕನೆಕ್ಟರ್‌ಗಳನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2024ರಲ್ಲೇ ಹೇಳಿದೆ, ಬದಲಿ ದಾರಿ ಪವರ್ ಆಟೊಮೇಟ್‌ನ ವರ್ಕ್‌ಫ್ಲೋ. ಅದು ತಯಾರಿಸಿದ ವ್ಯಕ್ತಿಯ ಅಕೌಂಟ್‌ಗೆ ಅಂಟಿಕೊಂಡಿರುತ್ತದೆ. ಅವರು ಕೆಲಸ ಬಿಟ್ಟು ಅಕೌಂಟ್ ಮುಚ್ಚಿದರೆ ಇವತ್ತಲ್ಲ ನಾಳೆ ಫ್ಲೋ ಸದ್ದಿಲ್ಲದೆ ನಿಲ್ಲುತ್ತದೆ. ಶುರುವಿನಲ್ಲೇ ಇನ್ನೊಬ್ಬ ಸಹ ಮಾಲೀಕರನ್ನು ಸೇರಿಸಿ, ಒಳಗಿನ ಕನೆಕ್ಷನ್‌ಗಳು ಯಾರ ಹೆಸರಿನಲ್ಲಿವೆ ಎಂದೂ ನೋಡಿಕೊಳ್ಳಿ.