ಯಕ್ಷಗಾನ ವಿಡಿಯೊ: ಚೆಂಡೆ ಮುಂದೆ ಹೋಗುತ್ತದೆ, ಕುಣಿತ ಹಿಂದೆ ಉಳಿಯುತ್ತದೆ. ಸಹಾಯ ಬೇಕು

ಚೌಕಿಮನೆ:
ಸಾಕಾಗಿ ಹೋಗಿದೆ ಮಾರಾಯ್ರೇ. ಊರಿನ ಬಯಲಾಟದ ವಿಡಿಯೊ ಮನೆ ಕಂಪ್ಯೂಟರಿನಲ್ಲಿ ನೋಡಲು ಆಗುತ್ತಿಲ್ಲ. ಶುರುವಿಗೆ ಸರಿ ಇರುತ್ತದೆ, ಸ್ವಲ್ಪ ಹೊತ್ತಿಗೆ ಚಿತ್ರ ತಡವರಿಸುತ್ತದೆ. ಆಮೇಲೆ ಚೆಂಡೆಯ ಪೆಟ್ಟು ಮೊದಲು ಕೇಳುತ್ತದೆ, ವೇಷಧಾರಿಯ ಹೆಜ್ಜೆ ಆಮೇಲೆ ಬೀಳುತ್ತದೆ. ತಾಳ ಗೊತ್ತಿದ್ದವರಿಗೆ ಇದನ್ನು ಐದು ನಿಮಿಷವೂ ನೋಡಲು ಆಗುವುದಿಲ್ಲ. ವಿಎಲ್‌ಸಿ ಪ್ಲೇಯರ್ ತೆಗೆದು ಮತ್ತೆ ಹಾಕಿದೆ. ವಿಂಡೋಸ್ ಕೂಡ ಹೊಸದಾಗಿ ಹಾಕಿದೆ. ಬೇರೆ ಸಿನಿಮಾ ಎಲ್ಲ ಚೆನ್ನಾಗಿ ಓಡುತ್ತವೆ. ರಿಪೇರಿ ಅಂಗಡಿಯವರು ಹೊಸ ಕಂಪ್ಯೂಟರ್ ತಗೊಳ್ಳಿ ಅಂತ ಒಂದೇ ಮಾತು ಹೇಳಿ ಕಳಿಸಿದರು. ಅಪ್ಪ ದಿನಾ ಕೇಳುತ್ತಿದ್ದಾರೆ. ಏನು ಮಾಡಲಿ?

ಬಯಲುಸೀಮೆ:
ಪೆನ್‌ಡ್ರೈವ್‌ನಿಂದ ನೇರ ಓಡಿಸುತ್ತಿದ್ದೀರಲ್ರೀ? ಅದೇ ಕಾರಣ. ಡಿಸ್ಕಿಗೆ ಕಾಪಿ ಮಾಡಿಕೊಂಡು ನೋಡಿ.

ಚೌಕಿಮನೆ:
ಮಾಡಿದೆ. ಹಾಗೇ ಇದೆ.

ಬಯಲುಸೀಮೆ:
ಹಾಗಾದರೆ ಹಾರ್ಡ್ ಡಿಸ್ಕೇ ನಿಧಾನ ಆಗಿದೆ. ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಹಾಕಿಸಿ, ಎಲ್ಲ ಸರಿಹೋಗುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಡಿಸ್ಕ್ ಓದುವಾಗ ತಪ್ಪು ಜಾಸ್ತಿ ಬಂದರೆ ವಿಂಡೋಸ್ ತಾನೇ ಡಿಎಂಎ (ಡಿಸ್ಕಿನಿಂದ ನೇರ ಮೆಮೊರಿಗೆ ಹೋಗುವ ವಿಧಾನ) ಬಿಟ್ಟು ನಿಧಾನದ ಪಿಐಒ ಮೋಡಿಗೆ ಇಳಿಯುತ್ತಿತ್ತು. ಆಗ ಪ್ರೊಸೆಸರೇ ಒಂದೊಂದು ಅಕ್ಷರ ಹೊರಬೇಕು. ಸಿನಿಮಾ ಹಾಕಿದರೆ ಥೇಟ್ ಹೀಗೇ ಆಗುತ್ತಿತ್ತು. ನಿಮ್ಮದೂ ಡಿಸ್ಕೇ.

ತಂತಿಬಾಲ:
ಬ್ಲೂಟೂತ್ ಸ್ಪೀಕರಾ ಗುರು? ಹಾಗಿದ್ದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀ ಒತ್ತಿ. ಒಂದು ಸಲ ಒತ್ತಿದರೆ ಸದ್ದು 50 ಮಿಲಿಸೆಕೆಂಡ್ ಹಿಂದೆ ಮುಂದೆ ಆಗುತ್ತದೆ.

ಚೌಕಿಮನೆ:
ಸ್ಪೀಕರ್‌ಗೆ ವೈರೇ ಇರೋದು. ಜೆ, ಕೆ ಒತ್ತಿದೆ. ಸರಿಹೋದ ಹಾಗೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ತಪ್ಪುತ್ತದೆ. ವಿಡಿಯೊ ಮುಂದಕ್ಕೆ ಎಳೆದರೆ ತಾಳ ಹೆಜ್ಜೆ ಎರಡೂ ಕೂಡುತ್ತವೆ, ಮತ್ತೆ ಅದೇ ಕಥೆ.

ಬಯಲುಸೀಮೆ:
ಡಿಸ್ಕ್ ಹಳೇದಾದರೆ ಹಾಗೇ ಆಗುತ್ತದೆ. ರ‍್ಯಾಮ್ ಎಷ್ಟಿದೆ? 4 ಜಿಬಿ ಇದ್ದರೆ 8 ಮಾಡಿ. ಎಸ್‌ಎಸ್‌ಡಿ ಅಂತೂ ಬೇಕೇ ಬೇಕು.

ಕಪ್ಪುತೆರೆ:
ಒಂದು ನಿಮಿಷ. ಅವರು ಈಗ ಹೇಳಿದ್ದನ್ನು ಸರಿಯಾಗಿ ಓದಿ. ಬ್ಲೂಟೂತ್ ಆಗಿದ್ದರೆ ತಡವಾಗುವುದು ಸದ್ದು, ಚಿತ್ರ ಅಲ್ಲ. ತಡವೂ ಮೊದಲಿಂದ ಕೊನೆವರೆಗೆ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಇಲ್ಲಿ ಹಿಂದೆ ಬೀಳುತ್ತಿರುವುದು ಚಿತ್ರ, ಅದೂ ಬರಬರುತ್ತಾ ಜಾಸ್ತಿ ಆಗುತ್ತಿದೆ, ಎಳೆದ ತಕ್ಷಣ ಸರಿಯಾಗುತ್ತಿದೆ. ಅಂದರೆ ಫೈಲಿನಲ್ಲಿ ಕುಗ್ಗಿಸಿಟ್ಟ ಚಿತ್ರ ಬಿಚ್ಚುವ ಕೆಲಸ ಸದ್ದಿನ ವೇಗಕ್ಕೆ ಸಾಲುತ್ತಿಲ್ಲ. ಚೌಕಿಮನೆಯವರೇ, ಯಾವ ಪ್ರೊಸೆಸರ್, ಯಾವುದರಲ್ಲಿ ತೆಗೆದ ವಿಡಿಯೊ ಅಂತ ಇನ್ನೂ ಹೇಳೇ ಇಲ್ಲ. ವಿಎಲ್‌ಸಿಯ ಟೂಲ್ಸ್‌ನಲ್ಲಿ ಕೋಡೆಕ್ ಇನ್ಫರ್ಮೇಶನ್ ತೆಗೆದು ಅಲ್ಲಿರುವುದನ್ನು ಬರೆಯಿರಿ. ಪಕ್ಕದ ಸ್ಟಾಟಿಸ್ಟಿಕ್ಸ್‌ನಲ್ಲಿ ಲಾಸ್ಟ್ ಫ್ರೇಮ್ (ತೋರಿಸದೇ ಬಿಟ್ಟ ಚಿತ್ರಗಳ ಲೆಕ್ಕ) ಏರುತ್ತಿದೆಯಾ ನೋಡಿ. ಎಂಪಿವಿ ಪ್ಲೇಯರ್ ಇದ್ದರೆ ಇನ್ನೂ ಸುಲಭ, ಐ ಕೀ ಒತ್ತಿದರೆ ಸಾಕು.

ತಂತಿಬಾಲ:
ಎಲ್ಲದಕ್ಕೂ ಎಂಪಿವಿ ಯಾಕೆ? ಮನೆಯ ಹಿರಿಯರು ನೋಡಬೇಕು, ಮೆನು ಇಲ್ಲದ ಪ್ಲೇಯರ್ ಕೊಟ್ಟರೆ ಅವರು ಏನು ಮಾಡಬೇಕು? ವಿಎಲ್‌ಸಿಯೇ ಇರಲಿ.

ಮಲೆನಾಡ್ ಮಿಂಟ್:
ಪ್ಲೇಯರ್ ಯಾವುದಾದರೇನು, ಕೆಳಗಿರುವ ವಿಂಡೋಸೇ ಭಾರ. ವಿಂಡೋಸ್ 10ಕ್ಕೆ ಸಪೋರ್ಟ್ ಅಕ್ಟೋಬರ್ 2025ಕ್ಕೆ ಮುಗಿದಿದೆ. ಹಳೇ ಮೆಷಿನ್ನಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ಹಗುರ ಆಗುತ್ತದೆ.

ಕಪ್ಪುತೆರೆ:
ಮಿಂಟ್ ನನಗೂ ಇಷ್ಟ. ಆದರೆ ಚಿಪ್ಪಿನಲ್ಲಿ ಇಲ್ಲದ ಡಿಕೋಡರ್ (ವಿಡಿಯೊ ಬಿಚ್ಚುವ ಭಾಗ) ಅದರಿಂದ ಬರುವುದಿಲ್ಲ. ಮೊದಲು ಮಾಹಿತಿ ಬರಲಿ.

ಏಳುಸ್ಪೀಕರ್:
ನಾನು ಹೋದ ವರ್ಷ ರೈಜನ್ 7 ಕಟ್ಟಿಸಿದೆ. 32 ಜಿಬಿ ರ‍್ಯಾಮ್, 65 ಇಂಚಿನ ಓಎಲ್‌ಇಡಿ, ಏಳು ಸ್ಪೀಕರು, ಒಂದು ಸಬ್‌ವೂಫರು. 4ಕೆ ಏನೇ ಹಾಕಿದರೂ ನೀರು ಹರಿದಂತೆ ಓಡುತ್ತದೆ. ಮದ್ದಳೆಯ ಎಡ ಬಲ ಎರಡೂ ಬೇರೆ ಬೇರೆ ಕೇಳುತ್ತವೆ. ಬೇಕಿದ್ದರೆ ಫೋಟೊ ಹಾಕುತ್ತೇನೆ.

ತಂತಿಬಾಲ:
ಹಾಕಿ ಹಾಕಿ! ಆಂಪ್ಲಿಫೈಯರ್ ಯಾವುದು?

ಚೌಕಿಮನೆ:
ಐ3 4130, 4 ಜಿಬಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ತಂಗಿಯ ಮಗ ಅವನ ಹೊಸ ಐಫೋನಿನಲ್ಲಿ ತೆಗೆದದ್ದು. ಎಚ್‌ಇವಿಸಿ, 3840 × 2160, 60 ಫ್ರೇಮ್, 10 ಬಿಟ್ ಅಂತೆಲ್ಲ ಇದೆ. ಲಾಸ್ಟ್ ಫ್ರೇಮ್ ಸಾವಿರ ದಾಟಿ ಏರುತ್ತಲೇ ಇದೆ. ಇನ್ನೊಂದು ಹೇಳುವುದಿತ್ತು, ವೇಷದ ಕೆಂಪು ಬಣ್ಣ ಫೋನಿನಲ್ಲಿ ಧಗಧಗ ಅನ್ನುತ್ತದೆ, ಇಲ್ಲಿ ಮಂಕಾಗಿ ಕಾಣುತ್ತದೆ. ಮಾನಿಟರ್ ಹಾಳಾಗಿದೆಯಾ?

ಕಪ್ಪುತೆರೆ:
ಮಾನಿಟರ್ ಹಾಳಾಗಿಲ್ಲ. ಅದು ಎಚ್‌ಡಿಆರ್ ವಿಡಿಯೊ, ಅಂದರೆ ಬೆಳಕು ಬಣ್ಣದ ಹರವು ಜಾಸ್ತಿ ಇರುವಂಥದ್ದು, ಸಾಮಾನ್ಯ ಮಾನಿಟರಿಗೆ ಸರಿಯಾಗಿ ಇಳಿಸದಿದ್ದರೆ ಬಣ್ಣ ಹೀಗೆ ಬೆಳ್ಳಗಾಗುತ್ತದೆ. ಆ ಫೋನುಗಳು ಐಫೋನ್ 12ರಿಂದ ಈಚೆಗೆ ಎಚ್‌ಡಿಆರ್‌ನಲ್ಲಿ ತೆಗೆಯಬಲ್ಲವು.

ಈಗ ಮುಖ್ಯ ವಿಷಯ. ನಿಮ್ಮದು ಇಂಟೆಲ್ ನಾಲ್ಕನೇ ತಲೆಮಾರು, 2013ರ ಚಿಪ್. ಎಚ್‌ಇವಿಸಿ ಅಂದರೆ ವಿಡಿಯೊ ಕುಗ್ಗಿಸಿಡುವ ಒಂದು ವಿಧಾನ, ಅದು ಮೊದಲ ಸಲ ಪ್ರಕಟವಾದದ್ದೂ 2013ರಲ್ಲೇ. ಹಾಗಾಗಿ ನಿಮ್ಮ ಚಿಪ್ಪಿನಲ್ಲಿ ಅದಕ್ಕಿಂತ ಹಳೆಯ ವಿಧಾನ ಎಚ್.264ಗೆ ಡಿಕೋಡರ್ ಇದೆ, ಎಚ್‌ಇವಿಸಿಗೆ ಇಲ್ಲ. 8 ಬಿಟ್ ಎಚ್‌ಇವಿಸಿ ಆರನೇ ತಲೆಮಾರಿಗೆ ಪೂರ್ತಿ ಬಂತು, ಬಣ್ಣದ ಹಂತ ಜಾಸ್ತಿ ಇರುವ 10 ಬಿಟ್ ಏಳನೆಯದಕ್ಕೆ. ನಿಮ್ಮ ಸಿನಿಮಾಗಳು ಎಚ್.264 ಇರಬೇಕು, ಅದಕ್ಕೇ ಓಡುತ್ತವೆ. ಇದನ್ನು ಮಾತ್ರ ಪ್ರೊಸೆಸರಿನ ಎರಡೇ ಕೋರ್ ಸೇರಿ ಬಿಚ್ಚಬೇಕು, ಸೆಕೆಂಡಿಗೆ 60 ದೊಡ್ಡ ಚಿತ್ರ. ಆಗುವುದಿಲ್ಲ.

ಬಯಲುಸೀಮೆಯವರೇ, ಡಿಸ್ಕ್ ಲೆಕ್ಕವನ್ನೂ ಮಾಡಿ ನೋಡೋಣ. ಇಂಥ ವಿಡಿಯೊ ನಿಮಿಷಕ್ಕೆ ಸುಮಾರು 400 ಎಂಬಿ. ಸೆಕೆಂಡಿಗೆ 7 ಎಂಬಿ ಕೂಡ ಆಗುವುದಿಲ್ಲ. ಹಳೇ ಹಾರ್ಡ್ ಡಿಸ್ಕೂ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಓದುತ್ತದೆ.

ಬಯಲುಸೀಮೆ:
ಲೆಕ್ಕ ಸರಿ ಇರಬಹುದು. ಆದರೂ ಎಸ್‌ಎಸ್‌ಡಿ ಹಾಕಿದರೆ ನಷ್ಟ ಏನೂ ಇಲ್ಲರೀ.

ಚೌಕಿಮನೆ:
ಅಂದರೆ ಅಂಗಡಿಯವರು ಹೇಳಿದ ಹಾಗೆ ಹೊಸದೇ ತಗೊಳ್ಳಬೇಕಾ? ಒಬ್ಬರು ಜಿಟಿ 710 ಗ್ರಾಫಿಕ್ಸ್ ಕಾರ್ಡ್ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದಿದ್ದಾರೆ.

ಕಪ್ಪುತೆರೆ:
710 ಬೇಡವೇ ಬೇಡ, ಅದರಲ್ಲೂ ಎಚ್‌ಇವಿಸಿ ಇಲ್ಲ. ಕಾರ್ಡೇ ಬೇಕಾದರೆ ಜಿಟಿ 1030 ನೋಡಿ, ಅದು 10 ಬಿಟ್ಟೂ ಬಿಚ್ಚುತ್ತದೆ. ಆದರೆ ದುಡ್ಡು ಖರ್ಚು ಮಾಡುವ ಮೊದಲು ವಿಡಿಯೊವನ್ನೇ ಬದಲಾಯಿಸಿ. ಅದಕ್ಕೆ ಹ್ಯಾಂಡ್‌ಬ್ರೇಕ್ ಅಂತ ಸಾಫ್ಟ್‌ವೇರ್ ಇದೆ, ಉಚಿತ. ಅದರಲ್ಲಿ 1080ಪಿ, ಎಚ್.264, ಫ್ರೇಮ್‌ರೇಟ್ 30, ಕಾನ್‌ಸ್ಟಂಟ್ (ಒಂದೇ ಸಮ) ಅಂತ ಆರಿಸಿ. ಕಾನ್‌ಸ್ಟಂಟ್ ಮರೆಯಬೇಡಿ. ಫೋನು ತೆಗೆಯುವಾಗ ಫ್ರೇಮ್ ವೇಗ ಏರಿಳಿಯುತ್ತದೆ, ಕೆಲವು ಪ್ಲೇಯರ್ ಮತ್ತು ಎಡಿಟರ್‌ಗಳಲ್ಲಿ ಅದೇ ಸದ್ದು ತಪ್ಪಲು ಕಾರಣ ಆಗುತ್ತದೆ. ಫಿಲ್ಟರ್ಸ್‌ನಲ್ಲಿ ಕಲರ್‌ಸ್ಪೇಸ್ ಬಿಟಿ.709 (ಸಾಮಾನ್ಯ ಮಾನಿಟರಿನ ಬಣ್ಣದ ಬಗೆ) ಹಾಕಿದರೆ ಬಣ್ಣವೂ ಹದಕ್ಕೆ ಬರುತ್ತದೆ. ಪೂರ್ತಿ ಆಟ ಒಮ್ಮೆಲೇ ಹಾಕಬೇಡಿ, ಒಂದು ಒಡ್ಡೋಲಗದಷ್ಟು ತುಂಡು ಮಾಡಿ ನೋಡಿ. ನಿಮ್ಮ ಮೆಷಿನ್ನಿನಲ್ಲಿ ನಿಧಾನ ಆಗುತ್ತದೆ, ರಾತ್ರಿ ಬಿಟ್ಟು ಮಲಗಿ.

ಮುಂದಿನ ಆಟಕ್ಕೆ ಹುಡುಗನಿಗೆ ಹೇಳಿ, ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್, ರೆಕಾರ್ಡ್ ವಿಡಿಯೊದಲ್ಲಿ 1080ಪಿ 30, ಎಚ್‌ಡಿಆರ್ ಆಫ್.

ಮಲೆನಾಡ್ ಮಿಂಟ್:
ಬಯಲಾಟವನ್ನು 1080ಕ್ಕೆ ಇಳಿಸುವುದಾ? ಮುಖವರ್ಣಿಕೆಯ ಗೆರೆ ಎಲ್ಲ ಹೋಗುತ್ತದೆ. ಅಂಥ ರೆಕಾರ್ಡಿಂಗ್ 4ಕೆಯಲ್ಲೇ ಉಳಿಯಬೇಕು.

ಕಪ್ಪುತೆರೆ:
ಮೂಲ ಫೈಲ್ ಅಳಿಸಿ ಅಂತ ಯಾರೂ ಹೇಳಲಿಲ್ಲ. ಅದು ಹಾಗೇ ಇರಲಿ, ಎರಡು ಕಡೆ ಇಡಿ. ಇದು ಅಪ್ಪ ನೋಡಲು.

ದಕ್ಷಿಣದ್ವಾರ:
ನನ್ನದೂ ಇದೇ ತರಹ ಸಮಸ್ಯೆ, ಆದರೆ ಉಲ್ಟಾ. ಟಿವಿಗೆ ಎಚ್‌ಡಿಎಂಐ ಹಾಕಿದರೆ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ. ಸೌಂಡ್‌ಬಾರ್ ಇದೆ. ನನಗೂ ಹ್ಯಾಂಡ್‌ಬ್ರೇಕ್ ಬೇಕಾ?

ತಂತಿಬಾಲ:
ಬೇಡ, ನಿಮ್ಮದು ಬೇರೆ. ಸೌಂಡ್‌ಬಾರ್ ಬ್ಲೂಟೂತಿನಲ್ಲಿದೆಯಾ, ಕೇಬಲ್ಲಿನಲ್ಲಿದೆಯಾ? ಹೊಸದಾಗಿ ಬೇರೆ ಪ್ರಶ್ನೆ ಹಾಕಿ, ಎರಡೂ ಕಲಸಿಹೋಗುತ್ತವೆ.

ಚೌಕಿಮನೆ:
ಒಡ್ಡೋಲಗದ ತುಂಡು ಮಾಡಿದೆ. ಚೆಂಡೆಗೂ ಹೆಜ್ಜೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ! ಕೆಂಪು ಕೂಡ ಬಂತು, ಫೋನಿನಷ್ಟು ಅಲ್ಲ, ಆದರೆ ಬಂತು. ಪೂರ್ತಿ ಫೈಲ್ ಈಗ ಹಾಕಿದ್ದೇನೆ, ಬೆಳಗಾಗುವಷ್ಟರಲ್ಲಿ ಮುಗಿಯುವ ಹಾಗೆ ಕಾಣುವುದಿಲ್ಲ. ಮಧ್ಯೆ ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಯುತ್ತದಾ, ಮೊದಲಿಂದ ಶುರು ಮಾಡಬೇಕಾ?

ಕಪ್ಪುತೆರೆ:
ಮೊದಲಿಂದಲೇ. ಅದಕ್ಕೇ ಪ್ರಸಂಗವನ್ನು ತುಂಡು ತುಂಡಾಗಿ ಕ್ಯೂಗೆ ಹಾಕಿ. ಕರೆಂಟ್ ಹೋದರೂ ಮುಗಿದ ತುಂಡುಗಳು ಉಳಿಯುತ್ತವೆ.

ಏಳುಸ್ಪೀಕರ್:
ಫೋಟೊ ಹಾಕಿದ್ದೇನೆ, ನೋಡಿ. ಆಂಪ್ಲಿಫೈಯರ್ ಎಡಗಡೆ ಇದೆ.